ಒಂದು ನಕ್ಷತ್ರ ಸಾಕು: ನಲಿ-ಕಲಿ ಶಿಕ್ಷಕಿಯೊಬ್ಬರ ಕ್ರಿಸ್ಮಸ್ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರದ ಸರ್ಕಾರಿ ಶಾಲೆಯೊಂದರಲ್ಲಿ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿ ನೋಡಿಕೊಳ್ಳುತ್ತಿದ್ದೇನೆ. ಒಂದರಿಂದ ಮೂರನೇ ತರಗತಿವರೆಗೆ ಸೇರಿ 27 ಮಕ್ಕಳು. ಹೆಚ್ಚಿನವರು ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವವರು. ಯರವ ಬುಡಕಟ್ಟಿನ ಮಕ್ಕಳಿದ್ದಾರೆ, ಮನೆಯಲ್ಲಿ ಮಲಯಾಳ, ತಮಿಳು ಆಡುವವರಿದ್ದಾರೆ, ಅಸ್ಸಾಂ ಕಡೆಯಿಂದ ಬಂದ ಐದು ಮಕ್ಕಳಿದ್ದಾರೆ. ಕ್ರೈಸ್ತ ಮಕ್ಕಳು ನಾಲ್ವರು. ಹತ್ತಿರದ ಖಾಸಗಿ ಶಾಲೆಯಲ್ಲಿ ಸಾಂಟಾ ವೇಷ, ಕೇಕು, ಉಡುಗೊರೆ ಎಂದು ದೊಡ್ಡ ಕಾರ್ಯಕ್ರಮ ಮಾಡುತ್ತಾರೆ. ನಮ್ಮ ಮುಖ್ಯ ಶಿಕ್ಷಕರು "ನೀವೂ ಏನಾದರೂ ಮಾಡಿ" ಎಂದಿದ್ದಾರೆ. ವಿಷಯ ತಿಳಿದು ಒಬ್ಬ ತಂದೆ, "ಸರ್ಕಾರಿ ಶಾಲೆಯಲ್ಲಿ ಇದೆಲ್ಲ ಯಾಕೆ?" ಎಂದು ಗೇಟಿನ ಹತ್ತಿರವೇ ಕೇಳಿದರು. ಅದೇ ವಾರ ಇನ್ನೊಬ್ಬ ತಾಯಿ, "ಎಲ್ಲರ ಹಬ್ಬವನ್ನೂ ಗೋಡೆ ಮೇಲೆ ಬರೆದಿದ್ದೀರಿ, ನಮ್ಮದು ಇಲ್ಲವಲ್ಲ ಟೀಚರ್" ಎಂದರು. ಇಬ್ಬರಿಗೂ ಉತ್ತರ ಕೊಡಲಾಗಲಿಲ್ಲ. ನನ್ನ ಹತ್ತಿರ ಹಣವಿಲ್ಲ. ಕಾಫಿ ಕುಯ್ಲು ಶುರುವಾದರೆ ಹಾಜರಾತಿಯೂ ಇಳಿಯುತ್ತದೆ. ಕಲಿಕೆ ಹಿಂದೆ ಬೀಳದ ಹಾಗೆ, ಯಾರಿಗೂ ನೋವಾಗದ ಹಾಗೆ ಕ್ರಿಸ್ಮಸ್ ಚಟುವಟಿಕೆ ಮಾಡಬಹುದೆ? ಕಾನೂನಿನ ತೊಡಕು ಬರುತ್ತದೆಯೆ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಅಳುಕು ಮಾತ್ರ ಒಂದೇ. ಮಾಡಿದರೆ ಒಬ್ಬರಿಗೆ ಬೇಸರ, ಬಿಟ್ಟರೆ ಇನ್ನೊಬ್ಬರಿಗೆ ಬೇಸರ, ನಡುವೆ ನಿಲ್ಲುವವರು ನೀವು. ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ, ಆಮೇಲೆ ಸುತ್ತಲಿನ ಶಾಲೆಗಳ ಗುಂಪಾದ ಕ್ಲಸ್ಟರಿನ ಕೆಲಸದಲ್ಲಿ ಶಾಲೆಯಿಂದ ಶಾಲೆಗೆ ಓಡಾಡಿದ ನನಗೆ ಈ ಡಿಸೆಂಬರಿನ ಇಕ್ಕಟ್ಟು ಚೆನ್ನಾಗಿ ಗೊತ್ತು. ಆ ತಾಯಿ, ಆ ತಂದೆ ಇಬ್ಬರ ಮಾತಿನಲ್ಲೂ ನ್ಯಾಯವಿದೆ ಎಂದು ಒಪ್ಪಿಕೊಂಡೇ ಶುರು ಮಾಡೋಣ. ತನ್ನ ಮಗುವಿಗೆ ಶಾಲೆ ಯಾವುದೋ ಒಂದು ಪೂಜೆಯನ್ನೋ ಪ್ರಾರ್ಥನೆಯನ್ನೋ ಕಲಿಸಬಾರದು ಎಂದು ಆ ತಂದೆ ಕೇಳುತ್ತಿದ್ದರೆ ಅದು ಸರಿಯಾದ ಮಾತು. ತನ್ನ ಮಗುವಿನ ಮನೆ ಶಾಲೆಯ ಗೋಡೆಯ ಮೇಲೂ ಕಾಣಬೇಕು ಎಂಬ ತಾಯಿಯ ಆಸೆಯೂ ಅಷ್ಟೇ ಸರಿ.

ಕಾನೂನಿನ ಮಾತನ್ನು ಮೊದಲು ಮುಗಿಸುತ್ತೇನೆ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಸರ್ಕಾರದ ಮಾನ್ಯತೆಯೋ ಅನುದಾನವೋ ಇರುವ ಶಾಲೆಗಳಲ್ಲೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪ್ರಾರ್ಥನೆಗಾಗಲಿ ಕೂರಿಸುವಂತಿಲ್ಲ. ಆದರೆ ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ತಿಳಿಸುವುದು ಬೇರೆ. 2002ರ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸವನ್ನು ಗುರುತಿಸಿದೆ. ನಿಮ್ಮ ತರಗತಿಯ ಭಾಷೆಯಲ್ಲಿ ಹೇಳುವುದಾದರೆ, "ನಮ್ಮೂರಿನ ಕೆಲವರು ಡಿಸೆಂಬರ್ 25ರಂದು ಯೇಸುವಿನ ಹುಟ್ಟುಹಬ್ಬ ಆಚರಿಸುತ್ತಾರೆ, ಮನೆ ಮುಂದೆ ನಕ್ಷತ್ರ ತೂಗುಹಾಕುತ್ತಾರೆ" ಎಂಬುದು ಪರಿಸರ ಅಧ್ಯಯನದ ಪಾಠ. "ಎಲ್ಲರೂ ಕೈಮುಗಿದು ಹಾಡಿ" ಎಂದರೆ ಗೆರೆ ದಾಟಿದಂತೆ. ಗೋದಲಿ, ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ ಮುಂದೆ ಎಲ್ಲ ಮಕ್ಕಳನ್ನೂ ನಿಲ್ಲಿಸಿ ಭಕ್ತಿಗೀತೆ ಹೇಳಿಸುವುದನ್ನು ಬಿಡಿ. ಇದೇ ಅಳತೆಗೋಲನ್ನು ಉಳಿದ ಹಬ್ಬಗಳಿಗೂ ಹಿಡಿಯಿರಿ. ಒಂದಕ್ಕೆ ಒಂದು ನ್ಯಾಯ, ಇನ್ನೊಂದಕ್ಕೆ ಇನ್ನೊಂದು ನ್ಯಾಯವಾದರೆ ಯಾವ ಪೋಷಕರಿಗೂ ನೀವು ಮುಖ ಕೊಟ್ಟು ಮಾತಾಡಲಾಗದು.

"ಇದು ಹೊರಗಿನ ಹಬ್ಬ, ನಮ್ಮೂರಿನದಲ್ಲ" ಎಂಬ ಮಾತೂ ನಿಮ್ಮ ಕಿವಿಗೆ ಬಿದ್ದೀತು. ಅದು ನಿಜವಲ್ಲ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಮೂಲ 1792ರದು. ಆ ಪೇಟೆಯನ್ನು ಕಟ್ಟಿಸಿದ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರನೇ ಆಶ್ರಯ ಅರಸಿ ಬಂದ ಕೊಂಕಣಿ ಕ್ರೈಸ್ತರಿಗೆ ಅಲ್ಲಿ ನೆಲೆ ಕೊಟ್ಟ. ಎಂದರೆ ಕೊಡಗಿನಲ್ಲಿ ಕ್ರಿಸ್ಮಸ್ ಇನ್ನೂರು ವರ್ಷ ದಾಟಿದ ಹಬ್ಬ. ಇಂದು ನಮ್ಮ ಕಣ್ಣಳತೆಗೆ ಸಿಗುವ ಕಾಫಿ ತೋಟಗಳಲ್ಲಿ ಎಷ್ಟೋ ಅದಕ್ಕಿಂತ ಈಚಿನವು.

ಹೊರಗಿನದು ಎನ್ನಬೇಕಾದದ್ದು ಅಂಗಡಿಯಿಂದ ಬರುವ ಕ್ರಿಸ್ಮಸ್ಸನ್ನು. ಹತ್ತಿಯ ಹಿಮ, ಪ್ಲಾಸ್ಟಿಕ್ ಮರ, ಕೆಂಪು ಟೋಪಿ. ಯೇಸು ಹುಟ್ಟಿದ ಬೆತ್ಲೆಹೇಮಿನಲ್ಲೇ ಹಿಮ ಬೀಳುವುದು ಅಪರೂಪ. ಸಮುದ್ರಮಟ್ಟದಿಂದ ಸುಮಾರು 775 ಮೀಟರ್ ಎತ್ತರದ ಗುಡ್ಡದೂರು ಅದು, ನಮ್ಮ ಮಡಿಕೇರಿಗಿಂತ ತಗ್ಗು. ಮರ ಸಿಂಗರಿಸುವ ರೂಢಿ ಜರ್ಮನ್ ನಾಡಿನದು. ಸಾಂಟಾನ ಹಿಂದೆ ಇರುವವರು 4ನೇ ಶತಮಾನದಲ್ಲಿ ಈಗಿನ ಟರ್ಕಿಯ ಮೈರಾ ಎಂಬಲ್ಲಿ ಬಿಷಪ್ ಆಗಿದ್ದ ಸಂತ ನಿಕೋಲಸ್. ಗೋದಲಿ ಕಟ್ಟುವ ಪದ್ಧತಿಗೆ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಮಾಡಿಸಿದ ದೃಶ್ಯವೇ ಮಾದರಿ ಎನ್ನುತ್ತಾರೆ. ಬೈಬಲಿನಲ್ಲಿ ಡಿಸೆಂಬರ್ 25 ಎಂಬ ತಾರೀಖೇ ಇಲ್ಲ. ಮೂಡಣದಿಂದ ಬಂದ ಜ್ಞಾನಿಗಳು ಮೂವರು ಎಂದೂ ಅಲ್ಲಿ ಬರೆದಿಲ್ಲ, ಕಾಣಿಕೆಗಳು ಮಾತ್ರ ಮೂರು. ಇದನ್ನೆಲ್ಲ ಆರು ವರ್ಷದ ಮಗುವಿಗೆ ಹೇಳಬೇಕಿಲ್ಲ. ನಿಮಗೆ ಗೊತ್ತಿದ್ದರೆ ಯಾವುದು ನಂಬಿಕೆ, ಯಾವುದು ರೂಢಿ, ಯಾವುದು ವ್ಯಾಪಾರ ಎಂದು ಬಿಡಿಸಿ ಆರಿಸಿಕೊಳ್ಳಬಹುದು, ಅದಕ್ಕಾಗಿ ಹೇಳಿದೆ.

ಈಗ ನಿಮ್ಮ ಮುಂದಿರುವ ದಾರಿಗಳು. ಖಾಸಗಿ ಶಾಲೆಯಂತೆ ವೇದಿಕೆ ಕಾರ್ಯಕ್ರಮ ಮಾಡಬಹುದು. ಹತ್ತು ದಿನ ಅಭ್ಯಾಸಕ್ಕೆ ಹೋಗುತ್ತದೆ, ನಾಲ್ಕು ಮಕ್ಕಳು ಕುಣಿಯುತ್ತಾರೆ, ಇಪ್ಪತ್ತಮೂರು ಮಕ್ಕಳು ಕೂತು ನೋಡುತ್ತಾರೆ. ಕುಯ್ಲಿನ ಕಾಲದಲ್ಲಿ ಕುಣಿಯಬೇಕಾದ ಮಗುವೇ ಆ ದಿನ ಬಾರದೆ ಇರಬಹುದು. ನಾನಾದರೆ ಇದನ್ನು ಮಾಡುವುದಿಲ್ಲ. ಏನೂ ಮಾಡದೆ ಇರಬಹುದು. ಸುರಕ್ಷಿತ ಎನಿಸುತ್ತದೆ, ಆದರೆ ಆ ತಾಯಿಯ ಮಾತು ಹಾಗೇ ಉಳಿಯುತ್ತದೆ. ಮೂರನೆಯದು ಒಂದೇ ದಿನದ ಬಣ್ಣದ ಕಾಗದ, ಕತ್ತರಿ, ಅಂಟಿನ ಕೆಲಸ. ಮಕ್ಕಳಿಗೆ ಖುಷಿ, ಕಲಿಕೆ ಅಷ್ಟಕ್ಕಷ್ಟೆ. ನಾನು ಹೇಳುವುದು ನಾಲ್ಕನೆಯದನ್ನು. ಹಬ್ಬದಿಂದ ಒಂದೇ ಒಂದು ವಸ್ತುವನ್ನು ಎತ್ತಿಕೊಳ್ಳಿ, ಒಂದು ವಾರ ಅದನ್ನೇ ಹಿಡಿದು ಓದು, ಬರಹ, ಲೆಕ್ಕ, ಪರಿಸರ ಎಲ್ಲವನ್ನೂ ನಡೆಸಿ. ಆ ವಸ್ತು ನಕ್ಷತ್ರವಾಗಲಿ.

ನಕ್ಷತ್ರವೇ ಯಾಕೆ ಎಂದರೆ ಅದು ಕೊಡಗಿನ ಡಿಸೆಂಬರಿಗೆ ಎರಡು ಕಡೆಯಿಂದ ಸೇರಿದ್ದು. ಮೂಡಣದ ಜ್ಞಾನಿಗಳಿಗೆ ದಾರಿ ತೋರಿಸಿದ್ದು ನಕ್ಷತ್ರ ಎಂಬ ಕಥೆಯಿಂದ ಕ್ರೈಸ್ತರ ಮನೆ ಮುಂದೆ ಕಾಗದದ ನಕ್ಷತ್ರ ತೂಗುತ್ತದೆ. ಅದಕ್ಕೆ ಕೆಲವೇ ವಾರ ಮೊದಲು, ನವೆಂಬರ್ ಕೊನೆಗೋ ಡಿಸೆಂಬರಿನಲ್ಲೋ, ನಾವು ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿ ಮಾಡುತ್ತೇವೆ. ಅದರ ಮುಹೂರ್ತ ನೋಡುವುದೂ ನಕ್ಷತ್ರದಿಂದಲೇ, ಹುಣ್ಣಿಮೆಯ ಆಸುಪಾಸಿನ ರೋಹಿಣಿಯಿಂದ. "ಪೊಲಿ ಪೊಲಿ ದೇವಾ" ಎಂದು ಕದಿರು ತರುವ ರಾತ್ರಿ ಚಂದ್ರನ ಆಸುಪಾಸಿನಲ್ಲಿ ಇರುವ ಕೆಂಪು ಚುಕ್ಕಿಯೇ ರೋಹಿಣಿ. ಡಿಸೆಂಬರಿನಲ್ಲಿ ಸಂಜೆ ಏಳರ ಮೇಲೆ ಪೂರ್ವದ ಆಕಾಶದಲ್ಲಿ ಅದು ಬರಿಗಣ್ಣಿಗೆ ಕಾಣುತ್ತದೆ. ಹತ್ತಿರದಲ್ಲೇ ಕೃತ್ತಿಕೆಯ ಪುಟ್ಟ ಗೊಂಚಲು. ಗೇಟಿನ ಹತ್ತಿರ ಪ್ರಶ್ನೆ ಕೇಳಿದ ತಂದೆಗೂ ಗೋಡೆಯ ಬಗ್ಗೆ ಕೇಳಿದ ತಾಯಿಗೂ ನೀವು ಒಂದೇ ಉತ್ತರ ಕೊಡಬಹುದು: ಈ ವಾರ ಮಕ್ಕಳು ನಕ್ಷತ್ರದ ಬಗ್ಗೆ ಕಲಿಯುತ್ತಾರೆ, ಅದರೊಳಗೆ ಪುತ್ತರಿಯೂ ಇದೆ, ಕ್ರಿಸ್ಮಸ್ಸೂ ಇದೆ.

ಒಂದು ಎಚ್ಚರಿಕೆ. "ರಾತ್ರಿ ಹೋಗಿ ನಕ್ಷತ್ರ ನೋಡಿ ಬನ್ನಿ" ಎಂದು ಮಕ್ಕಳಿಗೆ ಬರಿದೆ ಹೇಳಿ ಕಳಿಸಬೇಡಿ. ಸಿದ್ದಾಪುರದ ಸುತ್ತ ಆನೆ ಓಡಾಡುವ ತೋಟಗಳೆಷ್ಟು ಎಂದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಲೈನಿನ ಅಂಗಳ ಬಿಟ್ಟು ಹೋಗಬಾರದು, ದೊಡ್ಡವರು ಜೊತೆಗಿರಬೇಕು ಎಂಬುದನ್ನು ಪೋಷಕರಿಗೇ ನೇರವಾಗಿ ಹೇಳಿ. ಮರದ ಮರೆಯಿಂದ ಆಕಾಶ ಕಾಣದ ಮನೆಯ ಮಗುವಿಗೆ ಈ ಮನೆಗೆಲಸ ಬೇಡ.

ಭಾಷೆಯ ಕೆಲಸ ನಕ್ಷತ್ರದಲ್ಲಿ ತಾನಾಗಿ ಕೂತುಕೊಳ್ಳುತ್ತದೆ. ಚಿಕ್ಕವರಿಗೆ "ಚುಕ್ಕಿ" ಇರಲಿ. ಒತ್ತಕ್ಷರಕ್ಕೆ ಬಂದವರಿಗೆ ಚುಕ್ಕಿ, ಹಬ್ಬ, ಹಣ್ಣು, ಬೆಲ್ಲ, ಇವುಗಳಲ್ಲಿ ಅದೇ ಅಕ್ಷರಕ್ಕೆ ಅದೇ ಒತ್ತು. "ನಕ್ಷತ್ರ" ಎಂಬ ಒಂದೇ ಪದದಲ್ಲಿ ಬೇರೆ ಬೇರೆ ಅಕ್ಷರ ಕೂಡಿದ ಒತ್ತು ಎರಡು ಸಿಗುತ್ತವೆ, "ಕ್ರಿಸ್ಮಸ್" ಎಂಬಲ್ಲಿ ಇನ್ನೆರಡು. ಮೂರನೇ ತರಗತಿಯ ಮಗು ಕ್ಷ, ತ್ರ, ಕ್ರಿ, ಸ್ಮ ಈ ನಾಲ್ಕನ್ನೂ ತಪ್ಪಿಲ್ಲದೆ ಬರೆಯಿತು ಎಂದರೆ ಆ ವಾರದ ಬರಹ ಸಾರ್ಥಕ. ಆಮೇಲೆ ಪ್ರತಿ ಮಗುವೂ ಮನೆಯಲ್ಲಿ ಚುಕ್ಕಿಗೆ ಏನೆನ್ನುತ್ತಾರೆ ಎಂದು ಕೇಳಿಕೊಂಡು ಬರಲಿ. ಕೊಂಕಣಿಯ ನೆಕೆತ್ರ್, ಮಲಯಾಳದ ನಕ್ಷತ್ರಂ, ಹಿಂದಿಯ ತಾರಾ, ಅಸ್ಸಾಮಿಯ ತೊರಾ. ಯರವ ಮಕ್ಕಳ ಮಾತಿನ ಪದ, ಕೊಡವ ತಕ್ಕಿನ ಪದ, ಅರೆಭಾಷೆಯ ಪದ, ಎಲ್ಲವನ್ನೂ ಅವರು ಹೇಳಿದ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು ಗೋಡೆಗೆ ಹಚ್ಚಿ. ತರಗತಿಯಲ್ಲಿ ಯಾವತ್ತೂ ಬಾಯಿ ಬಿಡದ ಮಗು ತನ್ನ ಮನೆಯ ಪದವನ್ನು ಟೀಚರಿಗೆ ಕಲಿಸುವಾಗ ಕುತ್ತಿಗೆ ಎತ್ತಿ ಕೂರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. 1995ರಲ್ಲಿ ಪಕ್ಕದ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ಜೀವ ಇರುವುದೇ ಇಲ್ಲಿ. ಮಗುವಿಗೆ ಗೊತ್ತಿರುವುದರಿಂದ ಹೊರಡುವುದು.

ನಿಮ್ಮ ಅಸ್ಸಾಂ ಮಕ್ಕಳಲ್ಲಿ ಯಾರಾದರೂ ಕ್ರಿಸ್ಮಸ್ಸಿಗೆ "ಬಡಾ ದಿನ್" ಅಂದಾರು, ದೊಡ್ಡ ದಿನ ಎಂದರ್ಥ. ಈ ಪದ ಸಿಕ್ಕರೆ ಬಿಡಬೇಡಿ. "ದೊಡ್ಡ ದಿನವೋ, ಚಿಕ್ಕ ದಿನವೋ ನೋಡೋಣ" ಎಂದು ಮಕ್ಕಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ. ಒಂದು ಮೀಟರ್ ಉದ್ದದ ನೇರ ಕೋಲನ್ನು ನೆಲದ ಮೇಲೆ ಅಷ್ಟೇ ಎತ್ತರ ನಿಲ್ಲುವಂತೆ ಬಕೆಟ್ಟಿನ ಮರಳಿನಲ್ಲಿ ಊರಿ. ಮಧ್ಯಾಹ್ನ 12.10ರಿಂದ 12.40ರ ನಡುವೆ ಐದಾರು ಸಲ ನೆರಳಿನ ತುದಿಗೆ ಕಲ್ಲಿಟ್ಟು, ಅತಿ ಗಿಡ್ಡ ನೆರಳನ್ನು ಅಳೆಯಿರಿ. ಕೊಡಗಿನಲ್ಲಿ ಸೂರ್ಯ ನೆತ್ತಿಯ ಸಾಲಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಡಿಸೆಂಬರ್ ಮೂರನೇ ವಾರದಲ್ಲಿ ಸುಮಾರು 12.25ಕ್ಕೆ. ನವೆಂಬರ್ ಕೊನೆಯಲ್ಲಿ ಆ ಗಿಡ್ಡ ನೆರಳು ಸುಮಾರು 67 ಸೆಂಟಿಮೀಟರ್ ಇರುತ್ತದೆ, ಡಿಸೆಂಬರ್ 21-22ರ ಹೊತ್ತಿಗೆ 72ಕ್ಕೆ ಬೆಳೆದಿರುತ್ತದೆ, ಸಂಕ್ರಾಂತಿಗೆ ಮತ್ತೆ 67ರ ಹತ್ತಿರ ಬರುತ್ತದೆ. ವಾರಕ್ಕೊಮ್ಮೆ ನೆರಳಿನಷ್ಟು ಉದ್ದದ ದಾರ ಕತ್ತರಿಸಿ, ತಾರೀಖು ಬರೆದು ಗೋಡೆಗೆ ಸಾಲಾಗಿ ಇಳಿಬಿಟ್ಟರೆ ಒಂದನೇ ತರಗತಿಯ ಮಗುವೂ "ಬೆಳೆದು ಮತ್ತೆ ಗಿಡ್ಡ ಆಯ್ತು" ಎಂದು ಓದಿ ಹೇಳುತ್ತದೆ. ದಾರವೇ ಸ್ತಂಭಾಲೇಖ, ಎಂದರೆ ಬಾರ್ ಗ್ರಾಫ್. ಡಿಸೆಂಬರ್ ಮೂರನೇ ವಾರದಲ್ಲಿ ನಮ್ಮಲ್ಲಿ ಹಗಲು ಹನ್ನೊಂದೂವರೆ ಗಂಟೆಯೂ ಇರುವುದಿಲ್ಲ. ಹಾಗಾದರೆ ಬಡಾ ದಿನ್ ವರ್ಷದ ಅತಿ ಚಿಕ್ಕ ಹಗಲುಗಳಲ್ಲಿ ಒಂದು! ಅಲ್ಲಿಂದಾಚೆ ಹಗಲು ಬೆಳೆಯುತ್ತ ಹೋಗುತ್ತದೆ. ಮಕ್ಕಳು ಸೂರ್ಯನನ್ನು ನೇರ ನೋಡಬಾರದು, ನೆರಳನ್ನು ಮಾತ್ರ ನೋಡಬೇಕು ಎಂದು ಮೊದಲೇ ಹೇಳಿಬಿಡಿ.

ಇದೇ ಉದ್ದ ಇರುಳಿನ ಇನ್ನೊಂದು ಸಾಕ್ಷಿ ತೋಟದ ಬೇಲಿಯಲ್ಲಿ, ಬಂಗಲೆಗಳ ಮುಂದೆ ಕೆಂಪಾಗಿ ನಿಂತಿರುತ್ತದೆ. ಪಾಯಿನ್ಸೆಟಿಯಾ ಗಿಡ. ಮೆಕ್ಸಿಕೋ ಮೂಲದ್ದು, ಇರುಳು ಉದ್ದವಾದಾಗ ಮಾತ್ರ ಕೆಂಪೇರುತ್ತದೆ. ಆ ಕೆಂಪು ಹೂವಲ್ಲ, ಎಲೆ. ನಡುವಿನ ಪುಟ್ಟ ಹಳದಿ ಗುಂಡಿಗಳಲ್ಲಿ ಹೂ ಇರುತ್ತದೆ. "ಹೂ ಎಲ್ಲಿದೆ, ಹುಡುಕಿ" ಎಂದು ಕೇಳಿ ಸುಮ್ಮನಿರಿ. ಈ ಗಿಡ ತಿಂದರೆ ಸತ್ತೇ ಹೋಗುತ್ತಾರೆ ಎಂಬ ಮಾತು ಹಬ್ಬಿದೆ, ಅದು ಉತ್ಪ್ರೇಕ್ಷೆ. ಆದರೆ ಮುರಿದಾಗ ಬರುವ ಹಾಲು ಚರ್ಮಕ್ಕೂ ಕಣ್ಣಿಗೂ ಉರಿ ತರುತ್ತದೆ. ಹಾಗಾಗಿ ನೋಡುವುದಕ್ಕಷ್ಟೇ, ಕೀಳುವುದಕ್ಕಲ್ಲ.

ನಕ್ಷತ್ರ ಕಟ್ಟುವ ಕೆಲಸಕ್ಕೆ ಅಂಗಡಿಗೆ ಹೋಗಬೇಡಿ. ಒಂದೇ ಅಳತೆಯ ಆರು ಕಡ್ಡಿ, ಎರಡು ತ್ರಿಕೋನ, ಒಂದರ ಮೇಲೊಂದು ತಿರುಗಿಸಿಟ್ಟರೆ ಆರು ಮೂಲೆಯ ನಕ್ಷತ್ರ. ರಂಗೋಲಿ ಹಾಕುವ ಮನೆಯ ಮಕ್ಕಳಿಗೆ ಈ ಆಕಾರ ಮೊದಲೇ ಪರಿಚಯ, ಅವರೇ ಉಳಿದವರಿಗೆ ತೋರಿಸಲಿ. ಒಂದು ನಕ್ಷತ್ರಕ್ಕೆ ಆರು ಕಡ್ಡಿ, ಎರಡಕ್ಕೆ ಹನ್ನೆರಡು, ಮೂರಕ್ಕೆ? ಆರರ ಮಗ್ಗಿ ಕೈಯಲ್ಲೇ ಬೆಳೆಯುತ್ತದೆ. "ಇದರಲ್ಲಿ ತ್ರಿಕೋನ ಎಷ್ಟು?" ಎಂದು ಕೇಳಿದರೆ ಹೆಚ್ಚಿನವರು ಆರು ಎನ್ನುತ್ತಾರೆ. ಎರಡು ದೊಡ್ಡ ತ್ರಿಕೋನ ಸೇರಿ ಎಂಟು ಎಂದು ಯಾರೋ ಒಬ್ಬರು ಕಂಡುಹಿಡಿಯುವವರೆಗೆ ಉತ್ತರ ಹೇಳಬೇಡಿ. ಅಲಂಕಾರಕ್ಕೆ ಉದುರಿದ ಸಿಲ್ವರ್ ಓಕ್ ಎಲೆಗಿಂತ ಚೆಂದದ್ದು ಯಾವ ಅಂಗಡಿಯಲ್ಲಿದೆ? ಮೇಲೆ ಹಸಿರು, ಅಡಿಯಲ್ಲಿ ಬೆಳ್ಳಿ. ಅಡಿಮೇಲು ಮಾಡಿ ಕಟ್ಟಿದರೆ ನಕ್ಷತ್ರಕ್ಕೆ ಬೇರೆ ಜರಿ ಬೇಡ. ಎಲೆಯೋ ಕಡ್ಡಿಯೋ ಶಾಲೆಯ ಅಂಗಳದಲ್ಲಿ, ರಸ್ತೆ ಬದಿಯಲ್ಲಿ ಬಿದ್ದದ್ದನ್ನು ನೀವೇ ಆರಿಸಿ ತನ್ನಿ. ಮಕ್ಕಳನ್ನು ತೋಟದೊಳಗೆ ಕಳಿಸಬೇಡಿ, ಕಾಫಿ ಹಣ್ಣನ್ನು ಎಣಿಕೆಗೆ ಕೀಳಿಸಲೂ ಬೇಡಿ. ಬೇರೆಯವರ ಬೆಳೆ ಅದು. ಅದಕ್ಕಾಗಿ ತಿಂದ ಬೈಗುಳವನ್ನು ಮಗು ಮನೆಗೆ ಹೊತ್ತುಕೊಂಡು ಹೋಗಬೇಕಾಗುತ್ತದೆ.

ಥರ್ಮೋಕೋಲ್ ಮುಟ್ಟಲೇಬೇಡಿ. 2022ರ ಜುಲೈ 1ರಿಂದ ಅಲಂಕಾರದ ಥರ್ಮೋಕೋಲ್ ದೇಶದಲ್ಲೇ ನಿಷಿದ್ಧ, ಎಷ್ಟೋ ಶಾಲೆಗಳು ಇದನ್ನು ಮರೆತಿವೆ. ಹತ್ತಿಯ ಹಿಮ, ಹತ್ತಿಯ ಗಡ್ಡ ಬೆಂಕಿಗೆ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂದರೆ ಆ ತರಗತಿಯಲ್ಲಿ ಮೇಣದಬತ್ತಿ ಇರಲೇ ಕೂಡದು. ಹಳೆ ಕಟ್ಟಡದ ತೇವದ ಗೋಡೆಗೆ ಸೀರಿಯಲ್ ಸೆಟ್ ಸಿಕ್ಕಿಸುವುದೂ ಬೇಡ. ಬೆಳಕು ಬೇಕೇ ಬೇಕು ಎನಿಸಿದರೆ ಪೆನ್ ಸೆಲ್ ಎರಡು, ಒಂದು ಪುಟ್ಟ ಎಲ್‌ಇಡಿ ಸಾಕು, ಜೋಡಿಸುವ ಕೆಲಸ ನಿಮ್ಮದು. ಗುಂಡಿಯಂಥ ಬಟನ್ ಸೆಲ್ ಮಾತ್ರ ಚಿಕ್ಕ ಮಕ್ಕಳ ಕೈಗೆ ಸಿಗಬಾರದು. ನುಂಗಿದರೆ ಗಂಟಲನ್ನೇ ಸುಡುವ ವಸ್ತು ಅದು.

ಹಿಮದ ಬದಲು ಮಂಜು ತೋರಿಸಿ. ನಮ್ಮ ಮಾತಿನಲ್ಲಿ ಮಂಜು ಎಂದರೆ ಬೆಳಗಿನ ಮುಸುಕೂ ಹೌದು, ದೂರದ ಬೆಟ್ಟದ ಹಿಮವೂ ಹೌದು. ಹುಲ್ಲಿನ ಮೇಲೆ ಕೂತರೆ ಅದು ಇಬ್ಬನಿ. ಡಿಸೆಂಬರಿನ ಬೆಳಗ್ಗೆ ಶಾಲೆಗೆ ಬರುವಾಗ ಕಾಲು ಒದ್ದೆಯಾಗುವ ಮಕ್ಕಳಿಗೆ, ಮಳೆ ಬಾರದೆ ಈ ನೀರು ಎಲ್ಲಿಂದ ಬಂತು ಎಂಬ ಪ್ರಶ್ನೆಗಿಂತ ಒಳ್ಳೆಯ ವಿಜ್ಞಾನ ಇನ್ನೇನಿದೆ.

ತಿಂಡಿಯ ವಿಷಯದಲ್ಲಿ ನಿಮಗೆ ಒತ್ತಡ ಬರುತ್ತದೆ, ಬೇಕರಿಯ ಕೇಕು ತರಿಸೋಣ ಎಂದು ಯಾರಾದರೂ ಮುಂದೆ ಬರುತ್ತಾರೆ. ಮೊಟ್ಟೆ ತಿನ್ನದ ಮಕ್ಕಳಿರಬಹುದು, ಗೋಡಂಬಿ ಕಡಲೆಕಾಯಿ ಒಗ್ಗದವರಿರಬಹುದು. ಸಾಂಪ್ರದಾಯಿಕ ಪ್ಲಮ್ ಕೇಕಿಗೆ ಒಣಹಣ್ಣನ್ನು ರಮ್ಮಿನಲ್ಲಿ ನೆನೆಹಾಕುವ ರೂಢಿಯಿದೆ, ಇದು ಹಲವು ಮನೆಗಳಿಗೆ ದೊಡ್ಡ ವಿಷಯ. ಗೊತ್ತಿಲ್ಲದೆ ತಿನ್ನಿಸಿದಿರಿ ಎಂದಾದರೆ ಆಮೇಲಿನ ಯಾವ ಸಮಜಾಯಿಷಿಯೂ ನಡೆಯದು. ಕೇಕಿನ ಬದಲು ಕಿತ್ತಳೆ ತನ್ನಿ. ಯುರೋಪಿನಲ್ಲೂ ಕ್ರಿಸ್ಮಸ್ಸಿಗೆ ಮಕ್ಕಳ ಕಾಲುಚೀಲದ ತುದಿಯಲ್ಲಿ ಕಿತ್ತಳೆ ಇಡುವ ಪದ್ಧತಿಯಿದೆ. ನಮಗಂತೂ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೊಡಗಿನ ಕಿತ್ತಳೆಯೇ ಇದೆ, ಈ ಕಾಲಕ್ಕೆ ಸಂತೆಯಲ್ಲಿ ಕಾಣುತ್ತದೆ. ಇಬ್ಬರಿಗೊಂದು ಕೊಟ್ಟು, ಸುಲಿಯುವ ಮೊದಲು ಒಳಗೆ ಎಷ್ಟು ತೊಳೆ ಇರಬಹುದು ಎಂದು ಊಹಿಸಿ ಬರೆಯಲಿ. ಸುಲಿದು ಎಣಿಸಲಿ. ಸಮನಾಗಿ ಹಂಚಲಿ. ಒಂದು ತೊಳೆ ಉಳಿದರೆ? ಭಾಗಾಕಾರದ ಶೇಷ ಬಾಯಿಗೆ ಹೋಗುತ್ತದೆ.

ನಿಮ್ಮನ್ನು ಕೇಳಿದ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಅವರ ಮಗುವನ್ನು ಎದ್ದು ನಿಲ್ಲಿಸಿ "ನಿಮ್ಮ ಹಬ್ಬದ ಬಗ್ಗೆ ಹೇಳು" ಎನ್ನಬೇಡಿ. ಏಳು ವರ್ಷದ ಮಗು ಒಂದು ಧರ್ಮದ ಪ್ರತಿನಿಧಿಯಲ್ಲ. ನಾಲ್ವರಲ್ಲಿ ಒಬ್ಬರಿಗೆ ಹೇಳುವ ಹುರುಪಿದ್ದರೆ ಹೇಳಲಿ, ಇಲ್ಲದವರು ಉಳಿದವರಂತೆ ಕೂತಿರಲಿ. ತಾಯಿಯನ್ನೇ ಒಂದು ಗಂಟೆ ಶಾಲೆಗೆ ಕರೆಯಿರಿ. ಅವರು ಕೊಂಕಣಿ ಮನೆಯವರಾದರೆ ಕುಸ್ವಾರ್ ಮಾಡುತ್ತಾರೆ, ಹಬ್ಬಕ್ಕೆ ಮನೆಮನೆಗೆ ಹಂಚುವ ತಿಂಡಿಗಳ ಸಂಗ್ರಹ. ಅದರಲ್ಲಿ ನೆವ್ರಿ ನಮ್ಮ ಕರ್ಜಿಕಾಯಿಯ ತಂಗಿ. ಕಿಡ್ಯೊ ಎಂಬುದೊಂದಿದೆ, ಪುಟ್ಟ ಹಿಟ್ಟಿನುಂಡೆಯನ್ನು ಫೋರ್ಕಿನ ಬೆನ್ನಿಗೋ ಬಾಚಣಿಗೆಗೋ ಒತ್ತಿ ಸುರುಳಿ ಸುತ್ತಿ ಕರಿಯುವುದು. ಆ ಹೆಸರಿಗೆ ಹುಳುಗಳು ಎಂದೇ ಅರ್ಥ, ಮಕ್ಕಳಿಗೆ ಹೇಳಿ ನೋಡಿ! ಅದನ್ನು ಜೇಡಿಮಣ್ಣಿನಲ್ಲಿ ಮಾಡಿಸಿ. ಎಣ್ಣೆ, ಒಲೆ, ಮೊಟ್ಟೆ ಯಾವುದರ ತಕರಾರೂ ಇಲ್ಲ. ಪೆನ್ಸಿಲ್ ಹಿಡಿಯಲು ಇನ್ನೂ ಬೆರಳು ಗಟ್ಟಿಯಾಗದ ಒಂದನೇ ತರಗತಿಯವರಿಗೆ ಇದಕ್ಕಿಂತ ಒಳ್ಳೆಯ ಬೆರಳ ವ್ಯಾಯಾಮ ನಾನು ಕಂಡಿಲ್ಲ. ಹತ್ತು ಹತ್ತರ ಗುಂಪು ಮಾಡಿ ಎಣಿಸಿದರೆ ಸ್ಥಾನಬೆಲೆಯೂ ಆಯಿತು. ತಾಯಿ ಬರಲು ಒಪ್ಪದಿದ್ದರೆ ಒತ್ತಾಯ ಬೇಡ, ಕುಯ್ಲಿನ ದಿನಗೂಲಿ ಬಿಟ್ಟು ಬರುವುದು ಸುಲಭವಲ್ಲ.

ಉಡುಗೊರೆಯ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳಬೇಕು. ಸೇವೆಗೆ ಸೇರಿದ ಹೊಸತರಲ್ಲಿ ನಾನು ಚೀಟಿ ಎತ್ತಿಸಿ ಕ್ರಿಸ್ಮಸ್ ಗೆಳೆಯರ ಆಟ ಮಾಡಿಸಿದೆ. ಪ್ರತಿಯೊಬ್ಬರೂ ಚೀಟಿಯಲ್ಲಿ ಬಂದವರಿಗೆ ಹತ್ತು ರೂಪಾಯಿಯೊಳಗಿನ ಏನಾದರೂ ತರಬೇಕು ಎಂದೆ. ಹತ್ತು ರೂಪಾಯಿ ಚಿಕ್ಕ ಮೊತ್ತ ಎಂದುಕೊಂಡಿದ್ದೆ. ಲೈನ್ ಮನೆಯ ಒಬ್ಬಳು ಹುಡುಗಿ ಆ ದಿನ ಬರಲಿಲ್ಲ, ಮರುದಿನವೂ ಬರಲಿಲ್ಲ. ನಾಲ್ಕನೇ ದಿನ ನಾನೇ ಹುಡುಕಿಕೊಂಡು ಹೋದೆ. ಹೊಟ್ಟೆನೋವು ಎಂದಳು. ಹಿಂದೆ ನಿಂತಿದ್ದ ಅವಳ ಅಜ್ಜಿ, "ಕೊಡಕ್ಕೆ ಏನೂ ಇಲ್ಲ ಅಂತ ಬರಲ್ಲ ಅಂದಳು" ಎಂದು ನಿಜ ಹೇಳಿಬಿಟ್ಟರು. ಅವಳ ಚೀಟಿಯಲ್ಲಿ ಬಂದಿದ್ದ ಹುಡುಗ ಬರಿಗೈಯಲ್ಲಿ ಕೂತಿದ್ದನ್ನು ನಾನು ಆ ದಿನ ತರಗತಿಯಲ್ಲಿ ನೋಡಿದ್ದೆ, ಕಾರಣ ಮಾತ್ರ ಹೊಳೆದಿರಲಿಲ್ಲ. ಒಂದೇ ಆಟದಿಂದ ಇಬ್ಬರು ಮಕ್ಕಳನ್ನು ನೋಯಿಸಿದ್ದೆ. ಆಮೇಲೆ ನಾನು ಯಾವ ತರಗತಿಯಲ್ಲೂ ಕೊಂಡು ತರುವ ಉಡುಗೊರೆ ಇಟ್ಟಿಲ್ಲ. ಚೀಟಿ ಎತ್ತಿಸಿ, ಆದರೆ ಕೊಡುವುದು ಶಾಲೆಯಲ್ಲೇ ಶಾಲೆಯ ಕಾಗದದಲ್ಲಿ ಮಾಡಿದ ಕಾರ್ಡ್ ಮಾತ್ರ ಇರಲಿ. ಅದರಲ್ಲಿ ಆ ಗೆಳೆಯನೋ ಗೆಳತಿಯೋ ಚೆನ್ನಾಗಿ ಮಾಡುವ ಒಂದು ಕೆಲಸದ ಬಗ್ಗೆ ಒಂದೇ ವಾಕ್ಯ. "ನೀನು ಮರ ಚೆನ್ನಾಗಿ ಹತ್ತುತ್ತೀಯ." ಬರೆಯಲಾಗದ ಚಿಕ್ಕವರು ಚಿತ್ರ ಬರೆದು ಬಾಯಿಯಲ್ಲಿ ಹೇಳಲಿ, ನೀವು ಅಡಿಯಲ್ಲಿ ಬರೆಯಿರಿ. ಬಾರದವರ ಕಾರ್ಡನ್ನು ನೀವೇ ಮಾಡಿ ಇಟ್ಟಿರಿ.

ಸಾಂಟಾ ವೇಷದ ಬಗ್ಗೆಯೂ ನನ್ನ ಅಭಿಪ್ರಾಯ ಇದರಿಂದಲೇ ಬಂದದ್ದು. ಒಳ್ಳೆಯ ಮಕ್ಕಳಿಗೆ ಸಾಂಟಾ ಉಡುಗೊರೆ ತರುತ್ತಾನೆ ಎಂದು ಹೇಳಿದ ಮೇಲೆ, ಏನೂ ಬಾರದ ಮನೆಯ ಮಗು ತಾನು ಒಳ್ಳೆಯವನಲ್ಲ ಎಂದು ತಿಳಿಯುತ್ತದೆ. ಹೇಳಲೇಬೇಕಿದ್ದರೆ ನಿಕೋಲಸ್ ಎಂಬ ಹಳೆಯ ಕಾಲದ ದಯಾವಂತರೊಬ್ಬರ ಕಥೆಯಾಗಿ ಹೇಳಿ, ನಾಳೆ ನಿಮ್ಮ ಮನೆಗೂ ಬರುತ್ತಾನೆ ಎಂಬ ಮಾತು ಸೇರಿಸಬೇಡಿ.

ಪೋಷಕರಿಗೆ ಮೊದಲೇ ತಿಳಿಸುವುದನ್ನು ಮಾತ್ರ ತಪ್ಪಿಸಬೇಡಿ. ನಾನು ಕಂಡ ಜಗಳಗಳಲ್ಲಿ ಹೆಚ್ಚಿನವು ಚಟುವಟಿಕೆಯಿಂದ ಹುಟ್ಟಿದ್ದಲ್ಲ, ಫೋನಿನಲ್ಲಿ ಓಡಾಡಿದ ಫೋಟೋದಿಂದ ಹುಟ್ಟಿದ್ದು. ಹಿಂದುಮುಂದು ಗೊತ್ತಿಲ್ಲದವರು ಅದಕ್ಕೆ ತಮಗೆ ತೋಚಿದ ಅರ್ಥ ಹಚ್ಚುತ್ತಾರೆ. ಮಕ್ಕಳ ಫೋಟೋ ಹಂಚುವುದೇ ಬೇಡ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು ನಡಾವಳಿಯಲ್ಲಿ ಬರೆಸಿ. ಪೋಷಕರಿಗೆ ಕಳಿಸುವ ಚೀಟಿಯಲ್ಲಿ ಇಷ್ಟು ಸಾಕು: "ಡಿಸೆಂಬರ್ ಮೂರನೇ ವಾರ ನಲಿ-ಕಲಿ ತರಗತಿಯಲ್ಲಿ ನಕ್ಷತ್ರದ ಬಗ್ಗೆ ಓದು, ಲೆಕ್ಕ, ಪರಿಸರ ಚಟುವಟಿಕೆ ಇರುತ್ತದೆ. ಪುತ್ತರಿ ಮತ್ತು ಕ್ರಿಸ್ಮಸ್ ಹಬ್ಬಗಳಲ್ಲಿ ನಕ್ಷತ್ರ ಯಾಕೆ ಬರುತ್ತದೆ ಎಂದು ಮಕ್ಕಳು ತಿಳಿಯುತ್ತಾರೆ. ಪೂಜೆ, ಪ್ರಾರ್ಥನೆ ಇರುವುದಿಲ್ಲ. ಹಣ, ಬಟ್ಟೆ, ತಿಂಡಿ ಏನನ್ನೂ ಕಳಿಸಬೇಕಿಲ್ಲ. ನೋಡಬೇಕೆನಿಸಿದವರು ಬಂದು ಕೂರಬಹುದು." ಕನ್ನಡ ಓದಲು ಬಾರದ ಮನೆಗಳಿಗೆ ಸಂಜೆ ಕೆಲಸ ಬಿಡುವ ಹೊತ್ತಿಗೆ ಹೋಗಿ ಬಾಯಲ್ಲೇ ಹೇಳಿ.

ಗೇಟಿನ ಹತ್ತಿರ ಕೇಳಿದ ತಂದೆಗೆ ಈ ಚೀಟಿಯನ್ನು ಮೊದಲು ಕೊಡಿ, ಎಲ್ಲರಿಗಿಂತ ಮೊದಲು. ನೆರಳು ಅಳೆಯುವ ದಿನ ಬನ್ನಿ ಎಂದು ಕರೆಯಿರಿ. ಅಷ್ಟಾದರೂ ಅವರಿಗೆ ಒಪ್ಪಿಗೆಯಾಗದಿದ್ದರೆ ಕಥೆ ಹೇಳುವ ಅರ್ಧ ಗಂಟೆ ಅವರ ಮಗುವಿಗೆ ಗ್ರಂಥಾಲಯದ ಪುಸ್ತಕವನ್ನೋ ಕಡ್ಡಿಯ ಕೆಲಸವನ್ನೋ ಕೊಡಿ. ಒಂಟಿಯಾಗಿ ಹೊರಗೆ ಕೂರಿಸಬೇಡಿ, ಎಲ್ಲರೆದುರು ಕಾರಣ ಹೇಳಬೇಡಿ. ಕಡ್ಡಿ ಎಣಿಸುವುದರಲ್ಲಿ, ನೆರಳಿನಲ್ಲಿ, ಕಿತ್ತಳೆಯಲ್ಲಿ ಆ ಮಗು ಎಲ್ಲರ ಜೊತೆಗೇ ಇರುತ್ತದೆ.

ಹಾಜರಾತಿಗೆ ಒಂದು ಸಣ್ಣ ಉಪಾಯ. ಸೋಮವಾರ ಶುರುವಾಗಿ ಶನಿವಾರ ಮುಗಿಯುವ ಕೆಲಸ ಯೋಜಿಸಬೇಡಿ. ದಿನದ ಕೆಲಸ ದಿನಕ್ಕೆ ಮುಗಿಯಲಿ, ಎರಡು ದಿನ ತಪ್ಪಿಸಿಕೊಂಡು ಬಂದ ಮಗುವೂ ಬಂದ ಕ್ಷಣವೇ ಸೇರಿಕೊಳ್ಳುವಂತಿರಲಿ. ಮೂರನೇ ಶನಿವಾರದ ಬ್ಯಾಗ್ ರಹಿತ ದಿನ ನಿಮ್ಮ ಶಾಲೆಯಲ್ಲಿ ನಡೆಯುತ್ತಿದ್ದರೆ ಜೇಡಿಮಣ್ಣಿನ ಕೆಲಸವನ್ನು ಆ ದಿನಕ್ಕೆ ಇಡಿ. ಮೇಲಿನ ತರಗತಿಗಳ ಶಿಕ್ಷಕರು ಕೈಜೋಡಿಸಿದರೆ ಅವರ ಮಕ್ಕಳನ್ನು ಮಡಿಕೇರಿ ಕೋಟೆಗೆ ಕರೆದೊಯ್ಯಬಹುದು. ಅಲ್ಲಿನ ಬ್ರಿಟಿಷರ ಕಾಲದ ಸೇಂಟ್ ಮಾರ್ಕ್ಸ್ ಚರ್ಚಿನ ಕಟ್ಟಡ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ನಿಮ್ಮ ಚಿಕ್ಕವರಿಗೆ ಆ ಪ್ರಯಾಣ ಬೇಡ.

ಜನವರಿಯಲ್ಲಿ ರೊಬಸ್ಟಾ ಕುಯ್ಲು ಜೋರಾದಾಗ ನಿಮ್ಮ ತರಗತಿ ಇನ್ನೂ ತೆಳುವಾಗುತ್ತದೆ. ಗೋಡೆಯ ನಕ್ಷತ್ರಗಳನ್ನು ಕ್ರಿಸ್ಮಸ್ ಮುಗಿಯಿತು ಎಂದು ಕಿತ್ತು ಹಾಕಬೇಡಿ, ನೆರಳಿನ ದಾರಗಳನ್ನೂ ಬಿಡಿ. ಆ ವಾರ ಬಾರದೆ ಇದ್ದ ಮಕ್ಕಳ ಹೆಸರು ಬರೆದು, ತಲಾ ಆರು ಕಡ್ಡಿ ಕಟ್ಟಿ ಕಪಾಟಿನಲ್ಲಿಡಿ. ಗೋಡೆಯಲ್ಲೂ ಅಷ್ಟು ಜಾಗ ಖಾಲಿ ಬಿಟ್ಟಿರಿ.